ಅರಿವಿಯ ಮೇಲೆ ಬಣ್ಣ ಬರೆಯುವುದು: ನಾನು ಕಲಿತದ್ದು, ಕೆಡಿಸಿದ್ದು



ಈ ಸಲ ಗೋಡೆ ಪತ್ರಿಕೆಗೆ ಕರಕುಶಲದ ಬಗ್ಗೆ ಯಾರಾದರೂ ಒಂದು ಲೇಖನ ಬರೆಯಿರಿ ಎಂದು ಸರ್ ಹೇಳಿದಾಗ ತರಗತಿಯಲ್ಲಿ ಎಲ್ಲರೂ ನನ್ನ ಕಡೆಗೆ ತಿರುಗಿ ನೋಡಿದರು. ಯಾಕಂದ್ರೆ ನನ್ನ ಬಣ್ಣದ ಬೂಟು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತದ. ಆದರೆ ಬೂಟಿನ ಸುದ್ದಿ ಕಡೆಗೆ ಹೇಳುತ್ತೇನೆ. ಮೊದಲು ಕೆಡಿಸಿದ ಸುದ್ದಿ ಹೇಳಬೇಕು. ಅದನ್ನು ಬಿಟ್ಟು ಬರೆದರೆ ನೀವೂ ಅದೇ ತಪ್ಪು ಮಾಡುತ್ತೀರಿ.

ಫ್ಯಾಬ್ರಿಕ್ ಪೇಂಟ್ ಅಂದರೆ ಬಟ್ಟೆಯ ಮೇಲೆ ಚಿತ್ರ ಬರೆಯುವ ಬಣ್ಣ. ಸಣ್ಣ ಸಣ್ಣ ಬಾಟಲಿಯಲ್ಲಿ ಬರುತ್ತದೆ. ಕಲಬುರಗಿ ಸೂಪರ್ ಮಾರ್ಕೆಟ್‌ನ ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಅತ್ತಿ ಮದುವೆಗಿಂತ ಮೊದಲು ಟೇಬಲ್ ಕ್ಲಾತ್, ತಲೆದಿಂಬಿನ ಗವಸು, ಕರ್ಚೀಪು ಎಲ್ಲದರ ಮೇಲೂ ಗುಲಾಬಿ ಹೂವು ಬರೆಯುತ್ತಿದ್ದರಂತೆ. ಅವರ ಟಿ.ವಿ. ಮುಚ್ಚುವ ಬಟ್ಟೆ ಈಗಲೂ ನಮ್ಮ ಮನೆಯಲ್ಲಿ ಅದ. ಟಿ.ವಿ. ಹೋಗಿ ಬಹಳ ವರ್ಷವಾಯಿತು, ಗುಲಾಬಿ ಹೋಗಿಲ್ಲ. ಅದನ್ನು ನೋಡಿಯೇ ನನಗೆ ಆಸೆಯಾದದ್ದು.

ಆರನೇ ತರಗತಿಯಲ್ಲಿದ್ದಾಗ ಹೋಳಿ ಹುಣ್ಣಿಮೆಗಿಂತ ಮೊದಲು ಅಕ್ಕ ತನ್ನ ಹಳದಿ ಬಣ್ಣದ ಕಾಟನ್ ಟಾಪ್ ನನಗೆ ಕೊಟ್ಟಳು. ಅರಿವಿ ಚಲೋ ಇತ್ತು. ಆದರೆ ಎದೆಯ ಹತ್ತಿರ ಬಾಳೆಯ ರಸ ಬಿದ್ದು ಕಂದು ಬಣ್ಣದ ಕಲೆಯಾಗಿತ್ತು. ಮನೆಯಲ್ಲಿ ಪೂಜೆ ಇದ್ದಾಗ ಬಾಳೆಕಂಬ ಕಟ್ಟುವಾಗ ಆದ ಕಲೆ. ಬಾಳೆಯ ರಸದ ಕಲೆ ಸಾಬೂನಿಗೆ ಬಗ್ಗುವುದಿಲ್ಲ, ನಿಮ್ಮ ಅವ್ವನನ್ನು ಕೇಳಿ ನೋಡಿರಿ. ಕಲಬುರಗಿಯ ಶರಣಬಸವೇಶ್ವರರ ತೇರಿಗೆ ಹೋಗುವಾಗ ಹಾಕಿಕೊಳ್ಳಲು ನನಗೆ ಅದೊಂದೇ ಇತ್ತು. ಕಲೆಯ ಮೇಲೆ ಹೂವು ಬರೆದರೆ ಕಲೆ ಮುಚ್ಚುತ್ತದೆ, ಟಾಪ್ ಹೊಸದಾಗುತ್ತದೆ ಅಂತ ವಿಚಾರ ಮಾಡಿ, ಕೂಡಿಟ್ಟ ರೊಕ್ಕದಲ್ಲಿ ಕೆಂಪು ಮತ್ತು ಹಸಿರು ಎರಡು ಬಾಟಲಿ ತರಿಸಿದೆ.

ಹೂವನ್ನು ಕೆಂಪು ಬಣ್ಣದಿಂದ ದಪ್ಪಗೆ ಬರೆದೆ. ಹಸಿರು ಬಣ್ಣ ಉಳಿಸಬೇಕು ಅಂತ ಅದಕ್ಕೆ ಬಹಳ ನೀರು ಹಾಕಿ ಎಲೆ ಬರೆದೆ. ಸಂಜೆ ಮುಟ್ಟಿ ನೋಡಿದೆ, ಮೇಲೆ ಒಣಗಿತ್ತು. ಅವ್ವ ಮರುದಿನ ಒಗೆಯಲು ಗಂಟು ಕಟ್ಟಿಟ್ಟಿದ್ದಳು, ಅದರಲ್ಲಿ ಇದನ್ನೂ ತುರುಕಿದೆ. ಹೊಸ ಬಣ್ಣದ ವಾಸನೆ ಹೋಗಲಿ ಅಂತ! ಗಂಟಿನಲ್ಲಿ ನನ್ನ ಟಾಪಿನ ಕೆಳಗೆ ಇದ್ದದ್ದು ಅಪ್ಪನ ಧೋತರ. ಅಪ್ಪ ತೇರಿಗೆ, ಮದುವೆಗೆ, ಗಾಣಗಾಪುರಕ್ಕೆ ಉಡುವ ಒಂದೇ ಒಂದು ಒಳ್ಳೆಯ ಬಿಳಿ ಧೋತರ.

ಬೆಳಿಗ್ಗೆ ಗಂಟು ಬಿಚ್ಚಿದಾಗ ಧೋತರದ ಮೇಲೆ ಅಂಗೈಯಷ್ಟು ಕೆಂಪು ಹೂವು ಉಲ್ಟಾ ಅಚ್ಚಾಗಿ ಒಣಗಿತ್ತು. ಅವ್ವ ಸಾಬೂನು ಹಚ್ಚಿದಳು, ಸೋಡಾದ ನೀರಿನಲ್ಲಿ ನೆನೆಸಿದಳು, ಕಲ್ಲಿಗೆ ತಿಕ್ಕಿದಳು. ಹೋಗಲಿಲ್ಲ. ನನ್ನ ಟಾಪಿನ ಹಸಿರು ಎಲೆ ಮಾತ್ರ ಮೊದಲನೇ ನೀರಿಗೇ ಹರಿದು ಹೋಯಿತು. ನಾನು ಅಳುತ್ತ ನಿಂತೆ. ಅಪ್ಪ ಬಂದು ನೋಡಿದ. ಬೈಯುತ್ತಾನೆ ಅಂತ ತಿಳಿದಿದ್ದೆ. “ಹೋಗ್ಲಿ ಬಿಡು, ನಿರಿಗಿ ಒಳಗ ಹೋಗ್ತದ, ಯಾರಿಗಿ ಕಾಣ್ತದ” ಅಂದ. ತೇರಿನ ದಿನ ಆ ಕಲೆಯನ್ನು ನಿರಿಗೆಯೊಳಗೆ ಮಡಚಿ ಉಟ್ಟುಕೊಂಡು ಬಂದ. ಆದರೆ ಜನರ ನಡುವೆ ನಡೆಯುವಾಗ ಅಪ್ಪ ಸಾರಿಸಾರಿ ಕೈಯಿಂದ ನಿರಿಗೆ ಹಿಡಿದುಕೊಳ್ಳುತ್ತಿದ್ದ. ನಾನು ಹಿಂದೆ ನಡೆಯುತ್ತ ಅದನ್ನೇ ನೋಡುತ್ತಿದ್ದೆ. ಆ ವರ್ಷ ತೇರು ಹೇಗೆ ಎಳೆದರು ಅಂತ ಯಾರಾದರೂ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಈಗ ಪಾಠಕ್ಕೆ ಬರೋಣ. ನನಗೆ ಒಂದು ಸಂಶಯ ಹುಟ್ಟಿತು. ಒಂದೇ ಅಂಗಡಿಯ ಬಣ್ಣ, ಒಂದೇ ದಿನ ಹಚ್ಚಿದ್ದು. ಇರಬೇಕಾದ ಎಲೆ ಹೋಯಿತು, ಹೋಗಬೇಕಾದ ಕಲೆ ಇತ್ತು. ಇದು ಹ್ಯಾಂಗ? ವಿಜ್ಞಾನದ ಸರ್ ಅವರನ್ನು ಕೇಳಿದೆ. ಅವರು ಎರಡು ಮಾತು ಹೇಳಿದರು.

ಬಟ್ಟೆಗೆ ಬಣ್ಣ ಹತ್ತುವುದು ಎರಡು ರೀತಿಯಲ್ಲಿ. ಒಂದು, ಬಣ್ಣ ನೀರಿನಲ್ಲಿ ಕರಗಿ ದಾರದ ಎಳೆಯ ಒಳಗೇ ಇಳಿಯುವುದು. ನೂಲಿಗೆ ಬಣ್ಣ ಕಟ್ಟುವವರು ಮಾಡುವುದು ಇದನ್ನೇ. ಅರಿಷಿಣದ ಕಲೆಯೂ ಹೀಗೆ ಎಳೆಯೊಳಗೆ ಇಳಿದದ್ದು. (ಅರಿಷಿಣದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುತ್ತದೆ. ಸಾಬೂನು ಪ್ರತ್ಯಾಮ್ಲ. ನಾವು ಅರಿಷಿಣದ ಕಾಗದ ಮಾಡಿ ನೋಡಿದ್ದು ನೆನಪಿದೆಯೇ?) ಎರಡನೆಯದು ಫ್ಯಾಬ್ರಿಕ್ ಪೇಂಟಿನ ರೀತಿ. ಇದರಲ್ಲಿ ಬಣ್ಣ ಕರಗುವುದಿಲ್ಲ, ನುಣ್ಣನೆಯ ಪುಡಿಯಾಗಿಯೇ ಇರುತ್ತದೆ. ಪುಡಿ ತಾನಾಗಿ ಬಟ್ಟೆಗೆ ಅಂಟುವುದಿಲ್ಲ. ಅದಕ್ಕೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಅಂಟು ಕೂಡಿಸಿರುತ್ತಾರೆ. ಹಾಲಿನಲ್ಲಿ ಬೆಣ್ಣೆ ಕಣ್ಣಿಗೆ ಕಾಣದ ಸಣ್ಣ ಹನಿಗಳಾಗಿ ತೇಲುವಂತೆ ಈ ಅಂಟು ನೀರಿನಲ್ಲಿ ತೇಲುತ್ತಿರುತ್ತದೆ. ನೀರು ಆರಿದ ಕೂಡಲೇ ಕಣಗಳು ಒಂದಕ್ಕೊಂದು ತಾಗಿ, ಕೂಡಿಕೊಂಡು ತೆಳ್ಳನೆಯ ಪೊರೆಯಾಗುತ್ತವೆ. ಬಣ್ಣದ ಪುಡಿ ಆ ಪೊರೆಯೊಳಗೆ ಸಿಕ್ಕಿಬಿದ್ದಿರುತ್ತದೆ. ಒಂದು ಸಲ ಪೊರೆಯಾದರೆ ಮತ್ತೆ ನೀರಿಗೆ ಕರಗುವುದಿಲ್ಲ.

ನಾನು ಹಸಿರಿಗೆ ಬಹಳ ನೀರು ಕೂಡಿಸಿದ್ದರಿಂದ ಅಂಟಿನ ಕಣಗಳು ದೂರ ದೂರವಾದವು, ಪೊರೆ ಕೂಡಲಿಲ್ಲ. ಬರೀ ಪುಡಿ ಉಳಿಯಿತು, ನೀರಿಗೆ ಹೋಯಿತು. ಸರ್ ಇದಕ್ಕೆ ಸುಣ್ಣದ ಉದಾಹರಣೆ ಕೊಟ್ಟರು. ಬರೀ ಸುಣ್ಣ ಬಳಿದ ಗೋಡೆಗೆ ಒರಗಿದರೆ ಬೆನ್ನಿಗೆ ಬಿಳಿ ಹತ್ತುತ್ತದೆ. ಅದಕ್ಕೇ ಸುಣ್ಣದಲ್ಲಿ ಗೋಂದು ಕಲಿಸುತ್ತಾರೆ. ಇನ್ನು ಕೆಂಪು ಬಣ್ಣ ನೀರು ಕೂಡಿಸದ ಗಟ್ಟಿ ಬಣ್ಣ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿತ್ತು. ಗಂಟಿನ ಒತ್ತಿಗೆ ಧೋತರಕ್ಕೆ ಅಂಟಿ ಅಲ್ಲೇ ಪೊರೆಯಾಯಿತು. ಹಸಿ ಇದ್ದಾಗಲೇ ತಣ್ಣೀರಿನಿಂದ ತೊಳೆದಿದ್ದರೆ ಹೋಗುತ್ತಿತ್ತು. ಅದು ನಮಗೆ ರಾತ್ರಿ ಗೊತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಟೇಲರ್ ಕಾಕಾನ ಹತ್ತಿರ ಚಿಂದಿ ಅರಿವಿ ಕೇಳಿ ತಂದು ಐದು ತುಂಡಿನ ಮೇಲೆ ಒಂದೇ ಎಲೆ ಬರೆದೆ. ಮೊದಲನೇದು ನೀರು ಕೂಡಿಸಿದ ಬಣ್ಣ, ಇಸ್ತ್ರಿ ಇಲ್ಲ. ಎರಡನೇದು ಗಟ್ಟಿ ಬಣ್ಣ, ಇಸ್ತ್ರಿ ಇಲ್ಲ. ಮೂರನೇದು ಗಟ್ಟಿ ಬಣ್ಣ, ಇಸ್ತ್ರಿ ಮಾಡಿದ್ದು. ನಾಲ್ಕನೇದು ಪಾಲಿಸ್ಟರ್. ಐದನೇದು ಗಂಜಿ ತೆಗೆಯದ ಹೊಸ ಕಾಟನ್, ಅದಕ್ಕೂ ಇಸ್ತ್ರಿ. ಎಲ್ಲವನ್ನೂ ಮೂರು ದಿನ ಬಿಟ್ಟು, ಐದು ಸಲ ಸಾಬೂನು ಹಾಕಿ ಒಗೆದೆ. ಅವ್ವ “ಚಿಂದಿ ಒಗಿಲಾಕ ನನ್ನ ಸಾಬೂನ ಯಾಕ ಸವಸ್ತಿ?” ಅಂತ ಬೈದಳು. ಮೊದಲನೇದು ಬಿಳಚಿ ಹೋಯಿತು. ಎರಡನೇದು ಅಂಚಿನಲ್ಲಿ ಸ್ವಲ್ಪ ಸವೆಯಿತು. ಮೂರನೇದು ಹಾಗೇ ಇತ್ತು. ಪಾಲಿಸ್ಟರಿನ ಮೇಲೆ ಬಣ್ಣ ಹಿಡಿದಿತ್ತು, ಆದರೆ ಉಗುರಿನಿಂದ ಕೆರೆದರೆ ಬರುತ್ತಿತ್ತು. ನನಗೆ ಆಶ್ಚರ್ಯವಾದದ್ದು ಐದನೇದು. ಇಸ್ತ್ರಿ ಮಾಡಿದರೂ ಸಿಪ್ಪೆಯಂತೆ ಎದ್ದು ಬಂತು. ಬಣ್ಣ ಬಟ್ಟೆಗೆ ಅಂಟಿರಲಿಲ್ಲ, ಗಂಜಿಗೆ ಅಂಟಿತ್ತು. ಗಂಜಿ ನೀರಿನಲ್ಲಿ ಕರಗಿದಾಗ ಬಣ್ಣವನ್ನೂ ಕರೆದುಕೊಂಡು ಹೋಯಿತು.

ಇಸ್ತ್ರಿಯಿಂದ ಏನಾಗುತ್ತದೆ? ಬಿಸಿಗೆ ಅಂಟಿನ ಕಣಗಳು ಮೆತ್ತಗಾಗಿ ಇನ್ನೂ ಚೆನ್ನಾಗಿ ಕೂಡಿಕೊಳ್ಳುತ್ತವೆ, ದಾರದ ಎಳೆಗಳನ್ನು ಬಿಗಿಯಾಗಿ ಹಿಡಿಯುತ್ತವೆ. ಇದನ್ನು ಬಣ್ಣ ಕಟ್ಟುವುದು ಅನ್ನಬಹುದು.

ಇನ್ನು ಮಾಡುವ ವಿಧಾನ. ಕಾಟನ್ ಬಟ್ಟೆ ತೆಗೆದುಕೊಳ್ಳಿರಿ. ಹೊಸದಿದ್ದರೆ ಒಗೆದು ಗಂಜಿ ತೆಗೆದು ಒಣಗಿಸಿ ಇಸ್ತ್ರಿ ಮಾಡಿರಿ. ಒಗೆಯುವಾಗ ನೀಲಿ, ಗಂಜಿ ಹಾಕಬಾರದು. ಅಂಗಿಯಾದರೆ ಎರಡು ಪದರದ ನಡುವೆ ರಟ್ಟು ಇಡಬೇಕು, ಇಲ್ಲದಿದ್ದರೆ ಎದೆಯ ಹೂವು ಬೆನ್ನಿಗೂ ಬರುತ್ತದೆ. ನೋಟಬುಕ್ಕಿನ ಹಿಂದಿನ ರಟ್ಟು ಸಾಕು. ಚಿತ್ರವನ್ನು ಮೊದಲು ಪೆನ್ಸಿಲಿನಿಂದ ಮೆತ್ತಗೆ ಬರೆಯಿರಿ. ಬಾಲ್‌ಪೆನ್ನಿನಿಂದ ಬರೆಯಬೇಡಿರಿ, ಅದರ ಶಾಯಿ ಒಗೆದಾಗ ಹರಡುತ್ತದೆ. ಗೆರೆಗೆ ಸಣ್ಣ ಗುಂಡು ಬ್ರಶ್ಶು, ತುಂಬಲು ಚಪ್ಪಟೆ ಬ್ರಶ್ಶು. ಬ್ರಶ್ಶು ನೀರಿನಲ್ಲಿ ಅದ್ದಿ ಅರಿವಿಗೆ ಒರೆಸಿ ಆಮ್ಯಾಲ ಬಣ್ಣದಲ್ಲಿ ಅದ್ದಬೇಕು. ತೆಳ್ಳಗೆ ಮಾಡಬೇಕೆಂದರೆ ನೀರಲ್ಲ, ಅಂಗಡಿಯಲ್ಲಿ ಮೀಡಿಯಂ ಎಂದು ಬೇರೆ ಬಾಟಲಿ ಸಿಗುತ್ತದೆ, ಅದರಲ್ಲಿ ಅಂಟು ಇರುತ್ತದೆ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿಯುವುದು ಮೇಲು. ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆಯ ಮೇಲೆ ಹಳದಿ ಹಚ್ಚಿದರೆ ಕಾಣುವುದಿಲ್ಲ. ಮೊದಲು ಬಿಳಿ ಹಚ್ಚಿ, ಒಣಗಿದ ಮೇಲೆ ಹಳದಿ.

ಎಲ್ಲ ಬಣ್ಣ ಕೊಳ್ಳುವ ಅವಶ್ಯಕತೆ ಇಲ್ಲ. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಐದಿದ್ದರೆ ಉಳಿದದ್ದು ಕೂಡಿಸಿ ಮಾಡಬಹುದು. ಆದರೆ ಒಂದು ಎಲೆಗೆ ಕಲಿಸಿದ ಹಸಿರು ಮತ್ತೊಂದು ಎಲೆಗೆ ಅದೇ ಬರುವುದಿಲ್ಲ. ಮೊದಲೇ ಸಾಕಷ್ಟು ಕಲಿಸಿ ಇಟ್ಟುಕೊಳ್ಳಿರಿ.

ಬರೆದಾದ ಮೇಲೆ ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ ಹರವಿ ಒಣಗಿಸಬೇಕು. ಮಡಚಬಾರದು, ಗಂಟು ಕಟ್ಟಬಾರದು (ಈ ಮಾತು ನಾನು ಎರಡು ಸಲ ಬರೆದರೂ ತಪ್ಪಿಲ್ಲ). ಆಮೇಲೆ ಬಟ್ಟೆ ಉಲ್ಟಾ ಮಾಡಿ ಹಿಂದಿನಿಂದ ಮೂರು ನಾಲ್ಕು ನಿಮಿಷ ಬಿಸಿ ಇಸ್ತ್ರಿ ಹಾಕಿರಿ. ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ಕಡೆ ನಿಲ್ಲಿಸಬಾರದು. ನೀರು ಚಿಮುಕಿಸಬಾರದು. ನಮ್ಮೂರಲ್ಲಿ ಕರೆಂಟಿನ ಮೇಲೆ ಭರವಸೆ ಇಲ್ಲ. ಕರೆಂಟು ಇಲ್ಲದಾಗ ಆಯಿ ತಾಮ್ರದ ತಂಬಿಗೆಯಲ್ಲಿ ಕೆಂಡ ಹಾಕಿ ಇಸ್ತ್ರಿ ಮಾಡಿದಳು. ಅದರಿಂದಲೂ ಬಣ್ಣ ನಿಂತಿದೆ. ಆದರೆ ತಂಬಿಗೆ ದೊಡ್ಡವರೇ ಹಿಡಿಯಬೇಕು. ಮೂರು ದಿನ ಒಗೆಯಬಾರದು. ಆಮೇಲೂ ತಣ್ಣೀರು, ಉಲ್ಟಾ ಮಾಡಿ ಒಗೆಯುವುದು, ಹೂವಿನ ಮೇಲೆ ಬ್ರಶ್ಶಿನಿಂದ ತಿಕ್ಕಬಾರದು. ಬ್ರಶ್ಶನ್ನು ಕೆಲಸ ಮುಗಿದ ಕೂಡಲೇ ತೊಳೆಯಿರಿ. ನಾನು ಊಟಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ಒಂದು ಬ್ರಶ್ಶು ಕಡ್ಡಿಯಾಗಿತ್ತು.

ಏನು ಬರೆಯಬೇಕು ಎನ್ನುವುದೇ ಕಷ್ಟ. ಎಲ್ಲರೂ ಗುಲಾಬಿ ಬರೆಯುತ್ತಾರೆ. ನಮ್ಮೂರಲ್ಲಿ ಗುಲಾಬಿ ಎಲ್ಲಿ ಅವ? ನಾನು ಆಯಿಯ ಟ್ರಂಕು ತೆಗೆದೆ. ಅದರಲ್ಲಿ ಅವಳ ಇಳಕಲ್ ಸೀರೆ ಅದ, ಸೆರಗಿಗೆ ತೋಪು ತೆನೆ ಇದ್ದದ್ದು. ಅದರ ಮೇಲೆ ಕಸೂತಿ. ಕಸೂತಿ ಧಾರವಾಡದ ಕಡೆಯ ಪ್ರಸಿದ್ಧ ಕಲೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಗೋಪುರ, ತೇರು, ತುಳಸಿಕಟ್ಟೆ, ನವಿಲು, ಆನೆ ಇವೆಲ್ಲ ಬರುತ್ತವೆ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಇಲ್ಲದೆ, ದಾರದ ಎಳೆ ಎಣಿಸಿ ಎಣಿಸಿ ಹಾಕುತ್ತಾರೆ. ಗಂಟು ಹಾಕುವುದಿಲ್ಲ. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ತಿರುಗಿ ಬರುವುದರಿಂದ ಮುಂದೆ ಹಿಂದೆ ಎರಡೂ ಕಡೆ ಒಂದೇ ಚಿತ್ರ. ಎಳೆ ಎಣಿಸಿದ್ದು ಅಂದರೆ ಎಲ್ಲ ಚೌಕಟ್ಟಿನ ಲೆಕ್ಕ ಅಂತ ನನಗೆ ಹೊಳೆಯಿತು. ಗಣಿತದ ಚೌಕದ ನೋಟಬುಕ್ಕಿನಲ್ಲಿ ಒಂದು ಹೊಲಿಗೆಗೆ ಒಂದು ಚೌಕ ಹಿಡಿದು ಗೋಪುರ ಇಳಿಸಿಕೊಂಡೆ. ಅದನ್ನೇ ಬಟ್ಟೆಗೆ ಬರೆದೆ. ಚಿತ್ರ ಬರೆಯಲು ಬರದವರಿಗೂ ಇದು ಬರುತ್ತದೆ, ಎಣಿಸಲು ಬಂದರೆ ಸಾಕು. ಆದರೆ ಆಯಿ ನೋಡಿ ಹಿಂದೆ ತಿರುಗಿಸಿ “ಹಿಂದ ಏನೂ ಇಲ್ಲಲ್ಲ!” ಅಂದಳು. ಅದು ಖರೆ.

ನಮ್ಮ ತರಗತಿಯ ಒಬ್ಬ ಗೆಳತಿ ತಾಂಡಾದಿಂದ ಬರುತ್ತಾಳೆ. ಅವಳ ಅಜ್ಜಿ ಈಗಲೂ ಫೇಟಿಯಾ, ಕಾಂಚಳಿ ಹಾಕುತ್ತಾರೆ. ಅದರ ತುಂಬ ಕನ್ನಡಿ, ಕವಡೆ, ಬಣ್ಣದ ದಾರದ ಹೊಲಿಗೆ. ಹಳೆಯ ಬಟ್ಟೆಯ ತುಂಡುಗಳನ್ನೂ ಬಿಸಾಡದೆ ಕೂಡಿಸಿ ಹೊಲಿಯುತ್ತಾರೆ. ಬಳ್ಳಾರಿ ಕಡೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆ ಎಂಬ ಸರ್ಕಾರದ ಗುರುತು ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1755 ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆಯಾಯಿತು. ಇದನ್ನು ಗೆಳತಿಗೆ ಹೇಳಿದಾಗ ಅವಳು, “ನಮ್ಮ ಅಜ್ಜಿದು ಹಾಕಿದ್ರ 1756 ಆಗ್ತಿತ್ತು” ಅಂದಳು. ನನ್ನ ಬಟ್ಟೆಚೀಲದ ಮೇಲೆ ಅವಳೇ ಎರಡು ಕನ್ನಡಿ ಹೊಲಿದು ಕೊಟ್ಟಿದ್ದಾಳೆ. ನಾನು ಸುತ್ತಲೂ ಬಣ್ಣ ಬರೆದೆ. ಹೊಲಿಯುವುದಿದ್ದರೆ ಬಣ್ಣ ಬರೆದು ಇಸ್ತ್ರಿ ಮಾಡಿದ ಮೇಲೆ ಹೊಲಿಯಬೇಕು. ನಾವು ಉಲ್ಟಾ ಮಾಡಿದೆವು, ಕನ್ನಡಿಯ ಹತ್ತಿರ ಇಸ್ತ್ರಿ ಹೋಗಲಿಲ್ಲ.

ಬಾಟಲಿಯ ಬಣ್ಣ ಬರುವ ಮೊದಲೂ ಜನ ಬಟ್ಟೆಯ ಮೇಲೆ ಚಿತ್ರ ಬರೆಯುತ್ತಿದ್ದರು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಎನ್ನುತ್ತಾರೆ. ಕಲಂ ಎಂದರೆ ಲೇಖನಿ. ಬಿದಿರಿನ ಕಡ್ಡಿಗೆ ಅರಿವಿ ಸುತ್ತಿ ಲೇಖನಿ ಮಾಡುತ್ತಾರೆ. ಮೊದಲು ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಿ ಒಣಗಿಸುತ್ತಾರೆ. ಹಾಲಿನ ಜಿಡ್ಡಿನಿಂದ ಬಣ್ಣ ಅತ್ತಿತ್ತ ಹರಡುವುದಿಲ್ಲ. ಕಪ್ಪು ಬಣ್ಣವನ್ನು ತುಕ್ಕು ಹಿಡಿದ ಕಬ್ಬಿಣದ ಚೂರು ಮತ್ತು ಬೆಲ್ಲ ನೀರಿನಲ್ಲಿ ಹಾಕಿ ಬಹಳ ದಿನ ಕೊಳೆಸಿ ಮಾಡುತ್ತಾರೆ. ಕೆಂಪಿಗೆ ಪಟಕ ಬೇಕು. ಅಂದರೆ ಅವರಿಗೂ ನಮ್ಮಂತೆ ಎರಡೇ ಚಿಂತೆ: ಬಣ್ಣ ಹರಡಬಾರದು, ಬಣ್ಣ ಹೋಗಬಾರದು.

ಈಗ ಬೂಟು. ಶಾಲೆಯಿಂದ ಕೊಡುವ ಕಪ್ಪು ಬೂಟಿನ ಮೇಲೆ ಬರೆಯಬೇಡಿರಿ. ಅದು ಸಮವಸ್ತ್ರ, ಅಲ್ಲದೆ ಅದು ಅರಿವಿಯದಲ್ಲ, ನುಣುಪಾದ್ದರಿಂದ ಬಣ್ಣ ಹಿಡಿಯುವುದಿಲ್ಲ. ಬೇಕಾದದ್ದು ಕ್ಯಾನ್ವಾಸ್ ಬೂಟು. ನನ್ನದು ಕಲಬುರಗಿಯ ಮಾಮಾನ ಮಗಳು ಹಾಕಿ ಬಿಟ್ಟ ಬಿಳಿ ಬೂಟು. ನಮ್ಮ ಎರೆಮಣ್ಣು ಹತ್ತಿ ಬಿಳಿ ಅನ್ನುವಂತೆ ಇರಲಿಲ್ಲ. ಲೇಸು ತೆಗೆದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸಾಬೂನು ಹಚ್ಚಿ ತಿಕ್ಕಿ ಒಣಗಿಸಿದೆ. ಒಳಗೆ ಪೇಪರು ತುಂಬಿದರೆ ಬೂಟು ಗಟ್ಟಿಯಾಗಿ ನಿಲ್ಲುತ್ತದೆ, ಬರೆಯಲು ಸುಲಭ. ಕೆಳಗಿನ ರಬ್ಬರಿಗೆ ಟೇಪು ಅಂಟಿಸಬೇಕು, ರಬ್ಬರಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಆಯಿಯ ಸೀರೆಯ ಗೋಪುರವನ್ನು ಹಿಮ್ಮಡಿಯ ಎರಡೂ ಬದಿಗೆ ಬರೆದೆ. ಮುಂದೆ ಬೆರಳು ಬಾಗುವ ಜಾಗದಲ್ಲಿ ಬರೀ ಚುಕ್ಕಿ. ಅಲ್ಲಿ ದಪ್ಪಗೆ ಬರೆದರೆ ನಡೆದಂತೆಲ್ಲ ಬಿರಿಯುತ್ತದೆ. ನನ್ನದು ಎಡಗಾಲಿನಲ್ಲಿ ಬಿರಿದಿದೆ, ಬಂದು ನೋಡಬಹುದು. ಬೂಟಿಗೆ ಇಸ್ತ್ರಿ ಹಾಕಲು ಬರುವುದಿಲ್ಲ. ಹೆಚ್ಚು ಬಿಸಿ ಹಿಡಿದರೆ ಅಟ್ಟೆಯ ಅಂಟು ಬಿಡುತ್ತದೆ. ಅದಕ್ಕೇ ಒಂದು ವಾರ ಗಾಳಿಗೆ ಇಟ್ಟು ಆಮೇಲೆ ಹಾಕಿಕೊಂಡೆ. ಕೆಸರಿನಲ್ಲಿ ಹಾಕುವುದಿಲ್ಲ.

ಬಾಳೆಯ ಕಲೆಯ ಹಳದಿ ಟಾಪನ್ನು ಮತ್ತೆ ಬರೆದು ಸರಿ ಮಾಡಿದೆ. ಈಗ ಅದು ನನಗೆ ಬಿಗಿಯಾಗುತ್ತದೆ, ತಂಗಿಗೆ ಹೋಗುತ್ತದೆ.

ಉಳಿದದ್ದು ಅಪ್ಪನ ಧೋತರ. ಆ ಕಲೆಯ ಮೇಲೂ ಏನಾದರೂ ಚಲೋ ಬರೆದು ಕೊಡುತ್ತೇನೆ ಅಂತ ಕೇಳಿದೆ. ಅಪ್ಪ ನಕ್ಕು, “ಗಂಡಸರ ಧೋತರಕ್ಕ ಹೂವು ಬ್ಯಾಡ ಯವ್ವಾ. ಬೇಕಾದ್ರ ನನ್ನ ಸಂತಿ ಚೀಲದ ಮ್ಯಾಲ ತೊಗರಿ ಬರಿ” ಅಂದ. ನಾನು ಹಳದಿ ಹೂವು ಬರೆದು ತೋರಿಸಿದೆ. ಅಪ್ಪ ಚೀಲ ಹಿಡಿದು ನೋಡಿ, “ನೀ ತೊಗರಿ ಹೂವು ನೋಡಿಲ್ಲೇನು? ಬರೀ ಹಳದಿ ಇರಂಗಿಲ್ಲ. ಹಿಂದ ಕೆಂಪು ಗೆರಿ ಇರ್ತಾವ” ಅಂದ. ದಿನಾ ಹೊಲದ ದಾರಿಯಲ್ಲೇ ಶಾಲೆಗೆ ಬರುತ್ತೇನೆ, ಆದರೂ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋಗಿ ಒಂದು ಹೂವು ತಿರುಗಿಸಿ ನೋಡಿದೆ. ಹಿಂದಿನ ಎಸಳಿನ ಮೇಲೆ ಕೂದಲೆಳೆಯಂಥ ಕೆಂಪು ಗೆರೆಗಳು ಇದ್ದವು. ಧೋತರ ಕೆಡಿಸಿದ ಬಾಟಲಿಯಲ್ಲಿ ತಳಕ್ಕೆ ಹತ್ತಿದ್ದ ಕೆಂಪು ಅಷ್ಟು ಗೆರೆಗೆ ಸಾಕಾಯಿತು. ಚೀಲ ಈಗ ಹಗ್ಗದ ಮೇಲೆ ಹರವಿದೆ. ನಾಳೆ ಇಸ್ತ್ರಿ.